ದರಿಂಕಾಳ ಮನೆಯ ನೀರು

ನಲ್ಲಿ ನೀರನ್ನು ಇನ್ನು ಧೈರ್ಯವಾಗಿ ಕುಡಿಯಬಹುದು ಎಂದು ರೇಡಿಯೋದಲ್ಲಿ ಹೇಳಿದ ಬೆಳಿಗ್ಗೆ ಸಲಾಶೆವೊ ಪಟ್ಟಣಕ್ಕೆ ಪಟ್ಟಣವೇ ಅಡುಗೆಮನೆಗೆ ಓಡಿ ನಲ್ಲಿ ತಿರುಗಿಸಿತು. ದರಿಂಕಾಳೂ ತಿರುಗಿಸಿದಳು. ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. ಹಳದಿ ಇಲ್ಲ. ಮೂಗಿನ ಹತ್ತಿರ ತಂದಳು. ವಾಸನೆ ಇಲ್ಲ. ಆಮೇಲೆ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಳಿತು ಅತ್ತಳು. ಸಂತೋಷಕ್ಕೆ ಅತ್ತದ್ದಲ್ಲ.

ಊರಿನವರು ಸಂತೋಷಕ್ಕೇ ಅತ್ತರು, ಅದರಲ್ಲಿ ತಪ್ಪೇನೂ ಇರಲಿಲ್ಲ. ಹದಿನೆಂಟು ವರ್ಷ ನಮ್ಮ ನಲ್ಲಿಗಳಲ್ಲಿ ಸೋಸಿ ಉಳಿದ ಚಹಾದ ಬಣ್ಣದ ನೀರು ಬಂದಿತ್ತು. ನೆಲದಡಿಯಿಂದ ಎತ್ತುವ ನೀರಿನಲ್ಲಿ ಪಾಷಾಣ ಬೆರೆತಿದೆ, ಮೈ ತೊಳೆಯಿರಿ, ಬಟ್ಟೆ ಒಗೆಯಿರಿ, ಬಾಯಿಗೆ ಮಾತ್ರ ಹಾಕಬೇಡಿ ಎಂದು ಮೇಲಿನವರು ಒಂದು ದಿನ ಹೇಳಿ ಕೈತೊಳೆದುಕೊಂಡಿದ್ದರು, ಅದೇ ನೀರಿನಲ್ಲಿ. ಹೊಸ ಶುದ್ಧೀಕರಣ ಘಟಕಕ್ಕೆ ಚುನಾವಣೆಗೊಂದು ಸಲ ಅಡಿಗಲ್ಲು ಹಾಕಿದರು. ಎಷ್ಟು ಕಲ್ಲು ಬಿದ್ದವೆಂದರೆ ಅವುಗಳಲ್ಲೇ ಒಂದು ಮನೆ ಕಟ್ಟಬಹುದಿತ್ತು. ಅಷ್ಟರಲ್ಲಿ ನಲ್ಲಿಗೆ ಬಾಯಿಟ್ಟು ನೀರು ಕುಡಿದ ನೆನಪೇ ಇಲ್ಲದ ಮಕ್ಕಳು ಬೆಳೆದು, ಮದುವೆಯಾಗಿ, ಅವರಿಗೂ ಮಕ್ಕಳಾದವು.

ಕುಡಿಯಲು, ಅಡುಗೆಗೆ, ಕಾಫಿಗೆ ಊರು ಚೆಸ್ಮಾವನ್ನೇ ನಂಬಿತ್ತು. ರೈಲು ನಿಲ್ದಾಣದ ಎದುರಿನ ಸೋಸಿದ ನೀರಿನ ಕಟ್ಟೆಯದು, ಒಂದೇ ಒಂದು ಕೊಳಾಯಿ. ಬೆಳಗಾದರೆ ಅಲ್ಲಿ ಕ್ಯಾನುಗಳ ಸಾಲು. ಊರಿನ ಅರ್ಧ ಮದುವೆ ಕುದುರಿದ್ದೂ ಅಲ್ಲೇ, ಅರ್ಧ ಜಗಳ ಹುಟ್ಟಿದ್ದೂ ಅಲ್ಲೇ. ಅಲ್ಲಿಗೆ ಹೋಗಲು ಸೋಮಾರಿತನವಾದರೆ ಕೆಲವರು ನಲ್ಲಿ ನೀರನ್ನೇ ಕುದಿಸಿ ಕುಡಿಯುತ್ತಿದ್ದರು. ದರಿಂಕಾಳ ಕಟ್ಟಡದ ಕೆಳಮನೆಯ ಬೋಸಿಲ್ಕಾ ಅಂಥವಳು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಪಾಷಾಣ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ ಎಂದು ಯಾರು ಹೇಳಿದರೂ ಅವಳು ಕೇಳುತ್ತಿರಲಿಲ್ಲ.

"ನಮ್ಮಮ್ಮ ಕುದಿಸಿಯೇ ನಮ್ಮನ್ನ ಸಾಕಿದ್ದು" ಎನ್ನುತ್ತಿದ್ದಳು.

"ಕತ್ತೇನ ಎಷ್ಟು ಕುದಿಸಿದ್ರೂ ಕುದುರೆ ಆಗಲ್ಲ ಬೋಸಿಲ್ಕಾ" ಎಂದು ಅವಳಿಗೆ ಹೇಳಿದ್ದು ರಾದಿವೋಯ್.

ದರಿಂಕಾ ಅತ್ತದ್ದು ಈ ರಾದಿವೋಯ್‌ಗಾಗಿ.

ಅವನು ನಿವೃತ್ತ ಬಸ್ ಚಾಲಕ, ಹೆಂಡತಿ ತೀರಿಕೊಂಡವನು; ದರಿಂಕಾಳೂ ಗಂಡ ತೀರಿಕೊಂಡವಳು. ಹೊಳೆಯ ಆಚೆಯ ಹೊಸ ಬಡಾವಣೆಯಲ್ಲಿ ಒಬ್ಬನೇ ಇದ್ದ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಚೆಸ್ಮಾದ ಮುಂದಿನ ಹಿಮದಲ್ಲಿ ಜಾರಿ ದರಿಂಕಾಳ ಮಣಿಕಟ್ಟು ಮುರಿದಾಗ ಸಾಲಿನಲ್ಲಿ ಹಿಂದೆ ನಿಂತಿದ್ದವನು ಅವನೇ. ಆ ದಿನ ಅವಳ ಕ್ಯಾನನ್ನು ಮೂರನೇ ಮಹಡಿಯವರೆಗೆ ಹೊತ್ತು ತಂದಿಟ್ಟ. "ಕೈ ಸರಿಹೋಗೋವರೆಗೂ ನಾನೇ ತಂದ್ಕೊಡ್ತೀನಿ" ಎಂದ. ಮಂಗಳವಾರ, ಶನಿವಾರ ಎಂದು ಗೊತ್ತುಮಾಡಿಕೊಂಡರು. ಕೈ ಕೂಡಿತು. ದರಿಂಕಾ ಮಾತ್ರ ಪಟ್ಟಿಯನ್ನು ಇನ್ನೂ ಕೆಲವು ದಿನ ಹೆಚ್ಚಿಗೇ ಕಟ್ಟಿಕೊಂಡಳು. ಹೊಲಿಯುವವಳು, ಬಟ್ಟೆ ಸುತ್ತುವುದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕೊನೆಗೆ ಒಂದು ಶನಿವಾರ ಪಟ್ಟಿ ಬಿಚ್ಚಿ ಬಾಗಿಲು ತೆರೆದಳು. ರಾದಿವೋಯ್ ಅವಳ ಬರಿಯ ಮಣಿಕಟ್ಟನ್ನು ನೋಡಿದ, ಹವಾಮಾನದ ಮಾತಾಡಿದ, ಖಾಲಿ ಕ್ಯಾನು ತೆಗೆದುಕೊಂಡು ಹೋದ. ಮಂಗಳವಾರ ಮತ್ತೆ ಬಂದ. ಆ ಕೈಯ ವಿಷಯ ಇಬ್ಬರೂ ಮತ್ತೆಂದೂ ಎತ್ತಲಿಲ್ಲ.

ಅವನು ಎಂದೂ ಒಳಗೆ ಬರುತ್ತಿರಲಿಲ್ಲ. ತುಂಬಿದ ಕ್ಯಾನನ್ನು ಹೊಸ್ತಿಲ ಒಳಗಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ, ಉಸಿರು ಸುಧಾರಿಸಿಕೊಳ್ಳುತ್ತ ಚೆಸ್ಮಾದ ಸಾಲಿನ ಕತೆ ಹೇಳುತ್ತಿದ್ದ. ಯಾರು ಯಾರ ಮುಂದೆ ನುಗ್ಗಿದರು, ಯಾರು ನಿಂತಲ್ಲೇ ನಿದ್ದೆ ಹೋದರು, ಯಾರ ಕ್ಯಾನಿನ ಮುಚ್ಚಳ ಉರುಳಿ ಚರಂಡಿ ಸೇರಿತು. ದರಿಂಕಾ ಕೈಯಲ್ಲಿನ ಹೊಲಿಗೆ ಬಿಡದೆ ಕೇಳುತ್ತಿದ್ದಳು. ಅಷ್ಟೇ. ಅವಳ ವಾರದಲ್ಲಿ ಎರಡೇ ದಿನಗಳಿದ್ದವು, ಉಳಿದ ಐದು ಅವೆರಡರ ನಡುವಿನ ಜಾಗ.

ಒಳಗೆ ಕರೆಯಬಾರದೆಂದಲ್ಲ. ಕರೆದರೆ ಸ್ಲಾತ್ಕೊ ಕೊಡಬೇಕು. ಬಂದವರ ಮುಂದೆ ಮೊದಲು ಒಂದು ಚಮಚ ಹಣ್ಣಿನ ಪಾಕ, ಜೊತೆಗೊಂದು ಲೋಟ ನೀರು. ಅದು ಕೊಡದ ಮನೆ ಮನೆಯಲ್ಲ. ಪಾಕಕ್ಕೇನು, ಜುಲೈ ತಿಂಗಳಲ್ಲಿ ಕಾಯಿಸಿಟ್ಟ ಜರ್ದಾಳು ಹಣ್ಣಿನದು ಮೇಲಿನ ಕಪಾಟಿನಲ್ಲಿತ್ತು. ತೊಂದರೆ ನೀರಿನದು. "ಪಾಕ ನಿನ್ನ ಕೈಯದಾಗಿರಬೇಕು, ನೀರು ನಿನ್ನ ಮನೆಯದಾಗಿರಬೇಕು" ಎನ್ನುತ್ತಿದ್ದಳು ದರಿಂಕಾಳ ತಾಯಿ. ಬೇರೆಯವರಿಗೆ ಕೊಡುವಾಗ ದರಿಂಕಾ ಅಷ್ಟು ಯೋಚಿಸುತ್ತಿರಲಿಲ್ಲ. ಆದರೆ ಮೂರು ಮಹಡಿ ಹತ್ತಿ ಬಂದ ಗಂಡಸಿಗೆ ಅವನೇ ಹೊತ್ತು ತಂದ ನೀರನ್ನು ತಟ್ಟೆಯಲ್ಲಿಟ್ಟು "ತಗೊಳ್ಳಿ" ಎನ್ನುವುದು ಹೇಗೆ? ನಾಚಿಕೆಗೇಡು. ಅದಕ್ಕೇ ಪ್ರತಿ ಸಲ ಪಾಕದ ಭರಣಿ ಕಪಾಟಿನಲ್ಲೇ ಉಳಿಯಿತು, ರಾದಿವೋಯ್ ಬಾಗಿಲಲ್ಲೇ ಉಳಿದ.

ಈಗ ನಲ್ಲಿ ನೀರು ಒಳ್ಳೆಯದಾಯಿತಂತೆ. ಇನ್ನು ಯಾರು ಯಾರಿಗೆ ನೀರು ಹೊರಬೇಕು?

ಶನಿವಾರ ಅವನು ಬಂದ, ಕ್ಯಾನು ಹಿಡಿದೇ ಬಂದ. ಆದರೆ ಕೆಳಗಿಡಲಿಲ್ಲ, ಕೈಯಿಂದ ಕೈಗೆ ಬದಲಾಯಿಸುತ್ತ ನಿಂತ.

"ಹೇಳಿದ್ರಲ್ಲ ರೇಡಿಯೋದಲ್ಲಿ" ಎಂದ.

"ಹೇಳಿದ್ರು."

"ನಮ್ಮನೇಲಿ ನೀರು ಕನ್ನಡಿ ಥರ ಬರ್ತಿದೆ. ನಿಮ್ಮಲ್ಲೂ ಬರ್ತಿರಬೇಕು."

ಅವನ ಮುಖದಲ್ಲಿ ಊರಿನ ಸಂತೋಷ ಒಂದಿಷ್ಟೂ ಇರಲಿಲ್ಲ. ಅದನ್ನು ದರಿಂಕಾ ನೋಡಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಅವಳು ನೋಡುತ್ತಿದ್ದದ್ದು ಕ್ಯಾನನ್ನು. ಇದೇ ಕೊನೆಯದು ಎಂದುಕೊಂಡಳು. ನಾಲಿಗೆ ಜಾರಿತು.

"ಎಲ್ಲಿ ಬರತ್ತೆ? ನಮ್ಮ ಕಟ್ಟಡದ ಪೈಪು ಮುತ್ತಜ್ಜನ ಕಾಲದ್ದು. ಇನ್ನೂ ಹಳದಿನೇ ಬರ್ತಿದೆ."

ರಾದಿವೋಯ್ ಕ್ಯಾನನ್ನು ಕೆಳಗಿಟ್ಟ. ಇಟ್ಟ ರೀತಿಯಲ್ಲೇ ಒಂದು ನೆಮ್ಮದಿ ಇತ್ತು.

"ಹಾಗಾದ್ರೆ ಕುಡೀಬೇಡಿ ಮತ್ತೆ. ನಾನಿದೀನಲ್ಲ, ತರ್ತೀನಿ."

ಅವನು ಇಳಿದು ಹೋದ ಮೇಲೆ ದರಿಂಕಾ ಬಾಗಿಲು ಹಾಕಿ ನಕ್ಕಳು. ಈ ವಯಸ್ಸಿನಲ್ಲಿ ಹುಡುಗಿಯ ಹಾಗೆ ಸುಳ್ಳು ಹೇಳಿದೆನಲ್ಲ ಎಂದು ಕೆನ್ನೆ ಬಿಸಿಯಾಯಿತು. ಒಂದು ಸುಳ್ಳು, ಒಬ್ಬನಿಗೆ, ಒಂದು ಬಾಗಿಲಲ್ಲಿ. ಯಾರಿಗೇನು ನಷ್ಟ ಎಂದುಕೊಂಡಳು.

ಆದರೆ ನಮ್ಮ ಕಟ್ಟಡಗಳ ಮೆಟ್ಟಿಲು ಬಾವಿಯಿದ್ದ ಹಾಗೆ, ಮೇಲೆ ಪಿಸುಗುಟ್ಟಿದ್ದು ಕೆಳಗೆ ಗುಡುಗುತ್ತದೆ. ಕೆಳಗೆ ಬೋಸಿಲ್ಕಾ ತನ್ನ ಬಾಗಿಲ ಮುಂದೆ ಗುಡಿಸುತ್ತಿದ್ದಳು. ಆ ಹೆಂಗಸು ದಿನಕ್ಕೆ ಮೂರು ಸಲ ಗುಡಿಸುತ್ತಿದ್ದದ್ದು ಕಸಕ್ಕಲ್ಲ.

ಸಂಜೆಯ ಹೊತ್ತಿಗೆ ಇಡೀ ಕಟ್ಟಡಕ್ಕೆ ಗೊತ್ತಾಯಿತು, ದರಿಂಕಾಳ ನಲ್ಲಿಯಲ್ಲಿ ಹಳದಿ ನೀರು. ಮಾರನೆಯ ದಿನ ಎರಡನೇ ಮಹಡಿಯವನಿಗೆ ತನ್ನ ಲೋಟದಲ್ಲೂ ಏನೋ ತೇಲಿದಂತೆ ಕಂಡಿತು. ಅದರ ಮಾರನೆಯ ದಿನ ಬೋಸಿಲ್ಕಾಳಿಗೆ ನಾಲಿಗೆಯ ಮೇಲೆ ಕಬ್ಬಿಣದ ರುಚಿ ಹತ್ತಿತು. ಹದಿನೆಂಟು ವರ್ಷ ಮೋಸಹೋದವರಿಗೆ ಒಳ್ಳೆಯ ಸುದ್ದಿಯನ್ನು ನಂಬುವುದಕ್ಕಿಂತ ಕೆಟ್ಟದ್ದನ್ನು ನಂಬುವುದೇ ಸುಲಭ. ಬೋಸಿಲ್ಕಾ ಕಟ್ಟಡದ ಬಾಗಿಲಿಗೆ ಕಾಗದ ಅಂಟಿಸಿದಳು: ನಮ್ಮ ನೀರು ಕುಡಿಯಬೇಡಿ. ಮತ್ತೆ ಕುದಿಸಲು ಶುರುಮಾಡಿದಳು, ದೊಡ್ಡ ಪಾತ್ರೆಯಲ್ಲಿ, ಮಹಾ ಉತ್ಸಾಹದಿಂದ.

ದರಿಂಕಾ ಆ ಕಾಗದದ ಮುಂದೆ ದಿನವೂ ಹಾದುಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಪ್ರತಿ ಸಲವೂ ಅವಳ ಕೈ ತಾನಾಗಿ ಕೊರಳಿನ ಶಾಲನ್ನು ಸರಿಮಾಡಿಕೊಳ್ಳುತ್ತಿತ್ತು. ನಾಳೆ ನೀರು ತಿಳಿಯಾಯಿತು ಎಂದುಬಿಡೋಣ ಎಂದುಕೊಂಡಳು. ನಾಳೆ ಮಂಗಳವಾರವಾಗಿತ್ತು. ಮಂಗಳವಾರ ಕಳೆಯಲಿ ಎಂದುಕೊಂಡಳು. ರಾದಿವೋಯ್ ಬಂದ, ಸಾಲಿನ ಕತೆ ತಂದ. "ಜನ ಈಗಲೂ ಬರ್ತಾರಾ ಚೆಸ್ಮಾಕ್ಕೆ?" ಎಂದು ಕೇಳಿದಳು.

"ಯಾಕೆ ಬರಲ್ಲ? ಇವತ್ತು ಅಂಚೆಕಚೇರಿವರೆಗೂ ಸಾಲು. ಮೀನಿನಂಗಡಿ ಮುದುಕ ತನ್ನ ಕ್ಯಾನು ಅಂತ ಬೇರೆಯವನ ಕ್ಯಾನು ತುಂಬಿಸ್ಕೊಂಡು ಹೋದ. ಆ ಬೇರೆಯವನು ಇವನ ಖಾಲಿ ಕ್ಯಾನು ಹಿಡ್ಕೊಂಡು ಮಾರ್ಕೆಟ್ಟೆಲ್ಲ ಹುಡುಕ್ತಿದ್ದಾನೆ."

"ಏನೇ ಅನ್ನಿ, ಚೆಸ್ಮಾ ನೀರಿನ ರುಚಿನೇ ಬೇರೆ" ಎಂದಳು ದರಿಂಕಾ. "ಇದ್ರಲ್ಲಿ ಮಾಡಿದ ಕಾಫಿ ಆ ನಲ್ಲಿ ನೀರಲ್ಲಿ ಬರತ್ತಾ? ಸಾಧ್ಯನೇ ಇಲ್ಲ."

ರಾದಿವೋಯ್ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ. ಹೊಗಳಿಕೆಗೆ ನಾಚಿಕೊಂಡ ಎಂದುಕೊಂಡಳು ಅವಳು.

ದರಿಂಕಾಳ ಮನೆಯ ನೇರ ಮೇಲಿನ ಮಹಡಿಯಲ್ಲಿ ಇಲ್ದಿಕೊ ಇದ್ದಳು, ಹಂಗೇರಿಯವರ ಮನೆಯ ಹುಡುಗಿ. ಗಂಡ ಲಾರಿ ಓಡಿಸುತ್ತ ತಿಂಗಳಲ್ಲಿ ಹೆಚ್ಚು ದಿನ ರಸ್ತೆಯಲ್ಲೇ ಇರುತ್ತಿದ್ದ. ಮಗು ಪನ್ನಾಳಿಗೆ ಆಗಷ್ಟೇ ಹಲ್ಲು ಮೂಡುತ್ತಿತ್ತು. ಒಂದು ಮಧ್ಯಾಹ್ನ ದರಿಂಕಾ ಹೊಲಿದ ಪ್ಯಾಂಟುಗಳನ್ನು ಕೊಟ್ಟು ಬರಲು ಇಳಿಯುತ್ತಿದ್ದಾಗ ಎರಡನೇ ಮಹಡಿಯ ತಿರುವಿನಲ್ಲಿ ಇಲ್ದಿಕೊ ಮೆಟ್ಟಿಲ ಮೇಲೆ ಕುಳಿತಿದ್ದಳು. ಎದೆಗೆ ಕಟ್ಟಿದ ಬಟ್ಟೆಯಲ್ಲಿ ಮಗು, ಎರಡೂ ಪಕ್ಕದಲ್ಲಿ ಅಂಗಡಿಯಿಂದ ತಂದ ನೀರಿನ ಬಾಟಲಿಗಳ ಕಟ್ಟು. ಅಂಗೈಯಲ್ಲಿ ಪ್ಲಾಸ್ಟಿಕ್ ಹಿಡಿ ಕೊರೆದ ಕೆಂಪು ಗೆರೆ.

"ಇಷ್ಟೊಂದು ಯಾಕಮ್ಮ?" ಎಂದಳು ದರಿಂಕಾ.

"ಇವಳಿಗೆ ಗಂಜಿ, ಹಾಲಿನ ಪುಡಿ ಕಲಸಕ್ಕೆ. ಇವಳನ್ನ ಕಟ್ಕೊಂಡು ಸ್ಟೇಷನ್‌ವರೆಗೂ ಹೋಗಕ್ಕಾಗಲ್ಲ. ಸ್ನಾನಕ್ಕೂ ಇದೇ ಆಗ್ಬಿಟ್ಟಿದೆ ದೊಡ್ಡಮ್ಮ, ಮೈಮೇಲೆ ಹಾಕಕ್ಕೂ ಭಯ." ಇಲ್ದಿಕೊ ಬೆನ್ನು ನೆಟ್ಟಗೆ ಮಾಡಿ ಮುಖ ಕಿವುಚಿದಳು. "ರೇಡಿಯೋ ಕೇಳಿ ನಾನು ನಲ್ಲಿ ನೀರೇ ಕೊಡೋಣ ಅಂತಿದ್ದೆ. ಲೋಟ ಹಿಡಿದಿದ್ದೆ ಕೂಡ. ಅಷ್ಟರಲ್ಲಿ ನಿಮ್ಮ ವಿಷಯ ಗೊತ್ತಾಯ್ತು. ನೀವು ಬಾಯಿಬಿಟ್ಟು ಹೇಳದೆ ಇದ್ದಿದ್ರೆ ಏನು ಗತಿ? ನನ್ನ ಮಗು ಉಳಿಸಿದ್ರಿ ನೀವು."

ಪನ್ನಾ ಬಟ್ಟೆಯೊಳಗಿಂದ ಕೈ ಚಾಚಿ ದರಿಂಕಾಳ ಬೆರಳು ಹಿಡಿದುಕೊಂಡು ಬಾಯಿಗೆ ಎಳೆದುಕೊಂಡಿತು. ಮೊಳಕೆ ಹಲ್ಲು ಚುಚ್ಚಿತು.

"ಈಗ ತಿಳಿಯಾಗಿದೆ ಕಣಮ್ಮ. ನಮ್ಮನೇಲಿ ಈಗ ಹಳದಿ ಇಲ್ಲ."

"ಇವತ್ತು ಇಲ್ಲ. ನಾಳೆ? ಬೇಡ ದೊಡ್ಡಮ್ಮ. ನೀವು ಕುಡಿದಿದ್ದು ಕಣ್ಣಾರೆ ಕಂಡ ದಿನ ನಾನೂ ನಂಬ್ತೀನಿ. ನೀವೇ ಇನ್ನೂ ಆ ಯಜಮಾನರ ಕೈಲಿ ತರಿಸ್ಕೊಂಡು ಕುಡೀತಿದೀರಲ್ಲ."

ದರಿಂಕಾ ಒಂದು ಕಟ್ಟನ್ನು ತಾನೇ ಹೊತ್ತು ಮೇಲಿನವರೆಗೂ ತಂದಿಟ್ಟಳು. ಹಳೆಯ ಮಣಿಕಟ್ಟು ನೋಯಿತು. ನೋಯಲಿ ಎಂದುಕೊಂಡಳು. ಒಬ್ಬ ಗಂಡಸು ವಾರಕ್ಕೆರಡು ಸಲ ಬಾಗಿಲಲ್ಲಿ ನಿಲ್ಲಲಿ ಎಂಬ ಆಸೆಗೆ ಒಂದು ಹುಡುಗಿಯ ಬೆನ್ನು ಮುರಿಯುತ್ತಿದ್ದೇನೆ. ಮೇಲಾಗಿ ಅವಳ ಬಾಯಿಂದ ಧನ್ಯವಾದ ಬೇರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು; ಆದರೂ ಒಡೆದದ್ದು ತಾನೇ ಎಂದು ಹೇಳಬಹುದಲ್ಲ. ಕಟ್ಟಡದವರ ಮುಂದೆ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದಳು. ಹೇಳಿದ ಮೇಲೆ ರಾದಿವೋಯ್ ಬರಬೇಕಾಗಿಲ್ಲ. ಬೋಸಿಲ್ಕಾಳ ಬಾಯಿಂದ ಕೇಳಿದರೆ ಅವನು ಬರಲೂ ಆರ. ಅವನಿಗಾದರೂ ತಾನೇ ಮೊದಲು ಹೇಳಬೇಕು, ಮುಖ ನೋಡಿ ಹೇಳಬೇಕು.

ಅವನ ಮನೆಗೆ ಅವಳು ಹೋದವಳಲ್ಲ. ಆದರೆ ನೀರು ತರದ ದಿನವೂ ಬೆಳಗಿನ ಹೊತ್ತು ಅವನು ಚೆಸ್ಮಾದ ಬಳಿಯೇ ಇರುತ್ತಾನೆಂದು ಅವನ ಕತೆಗಳಿಂದ ಗೊತ್ತಿತ್ತು. ಮರುದಿನ ಒಳ್ಳೆಯ ಕೋಟು ಹಾಕಿಕೊಂಡು ರೈಲು ನಿಲ್ದಾಣದ ಕಡೆ ಹೊರಟಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಸಾಲಿನಲ್ಲಿ ಹತ್ತು ಜನರ ಮುಂದೆ ಹೇಳುವುದಾದರೂ ಸರಿ, ಹೇಳಿಯೇ ತೀರುವುದು.

ಸಾಲು ಇರಲಿಲ್ಲ. ಜನ ಇರಲಿಲ್ಲ. ಚೆಸ್ಮಾದ ಕೊಳಾಯಿಯೇ ಇರಲಿಲ್ಲ. ಅದನ್ನು ಬಿಚ್ಚಿ ತೂತಿಗೆ ಮರದ ಬಿರಡೆ ಬಡಿದಿದ್ದರು. ಕಲ್ಲಿನ ತೊಟ್ಟಿಯಲ್ಲಿ ಒಣ ಎಲೆ ತುಂಬಿ, ಅದರ ಮೇಲೆ ಒಂದು ಬೂದು ಬೆಕ್ಕು ಬಿಸಿಲು ಕಾಯಿಸುತ್ತಿತ್ತು.

ದರಿಂಕಾ ಪಕ್ಕದ ಹೂವಿನ ಗೂಡಂಗಡಿಯವಳನ್ನು ಕೇಳಿದಳು. "ಇದು ಯಾವಾಗ ಮುಚ್ಚಿದ್ದು?"

"ಅಯ್ಯೋ, ರೇಡಿಯೋದಲ್ಲಿ ಹೇಳಿದ ವಾರದಲ್ಲೇ ಬಂದು ಕಿತ್ಕೊಂಡು ಹೋದ್ರು. ಒಳ್ಳೇ ಕೆಲಸಕ್ಕೆ ಹದಿನೆಂಟು ವರ್ಷ ಬೇಕು, ಕೀಳಕ್ಕೆ ಒಂದು ಗಂಟೆ ಸಾಕು. ನನ್ನ ವ್ಯಾಪಾರನೂ ಹೋಯ್ತು, ಸಾಲಲ್ಲಿ ನಿಂತೋರು ಬೇಜಾರಿಗೆ ಹೂ ತಗೊಳ್ತಿದ್ರು." ಅವಳು ದರಿಂಕಾಳ ಮುಖ ನೋಡಿದಳು. "ಏನಾಯ್ತಮ್ಮ, ಕೂತ್ಕೊಳ್ಳಿ."

ದರಿಂಕಾ ತೊಟ್ಟಿಯ ಕಟ್ಟೆಯ ಮೇಲೆ ಬೆಕ್ಕಿನ ಪಕ್ಕ ಕುಳಿತಳು. ಅಂಚೆಕಚೇರಿಯವರೆಗಿನ ಸಾಲು. ಮೀನಿನಂಗಡಿಯ ಮುದುಕ. ಖಾಲಿ ಕ್ಯಾನು ಹಿಡಿದು ಮಾರುಕಟ್ಟೆ ಸುತ್ತಿದವನು. ಮೊನ್ನೆ ಶನಿವಾರವಂತೂ ಸಾಲಿನಲ್ಲಿ ಬ್ಯಾಂಡಿನವರು ನಿಂತಿದ್ದರು, ಡೋಲಿನವನು ಡೋಲಿನಲ್ಲೇ ನೀರು ಹಿಡಿಯಲು ಹೋದ ಎಂದು ಹೇಳಿ ಅವಳನ್ನು ಹೊಟ್ಟೆ ಹಿಡಿದು ನಗಿಸಿದ್ದ. ಈ ಕತೆಗಳೆಲ್ಲವನ್ನೂ, ಬಸ್ಸು ಓಡಿಸುವುದು ಬಿಟ್ಟು ಬೇರೇನೂ ಬರದ ಆ ಮನುಷ್ಯ ಮನೆಯಲ್ಲಿ ಕುಳಿತು ಹೊಸೆದು ತಂದಿದ್ದ. ನೀರು? ನೀರು ಅವನ ಅಡುಗೆಮನೆಯ ನಲ್ಲಿಯದು. ಹೊಳೆಯ ಆಚೆಯಿಂದ, ಸೈಕಲ್ಲಿನ ಹಿಂದೆ ಕಟ್ಟಿ, ಮೂರು ಮಹಡಿ ಹೊತ್ತು, ಅವಳ ಮನೆಯಲ್ಲೇ ಬರುತ್ತಿದ್ದ ಅದೇ ಊರ ನೀರನ್ನು ಅವಳಿಗೆ ತಂದುಕೊಟ್ಟಿದ್ದ. ಅದರ ರುಚಿಯೇ ಬೇರೆ ಎಂದು ಅವಳೇ ಹೊಗಳಿದ್ದಳು.

ಅವಳು ನಕ್ಕಳು. ಬೆಕ್ಕು ಕಣ್ಣು ತೆರೆದು ನೋಡಿತು. ನಗುತ್ತ ನಗುತ್ತ ಕಣ್ಣು ತುಂಬಿ ಕೋಟಿನ ತೋಳಿನಿಂದ ಒರೆಸಿಕೊಂಡಳು. ಗಂಡ ಸತ್ತ ಮೇಲೆ ತನ್ನನ್ನು ಯಾರಾದರೂ ಇಷ್ಟು ಬಯಸುತ್ತಾರೆ ಎಂದು ಅವಳು ನಂಬಿರಲಿಲ್ಲ. ಈಗ ನಂಬಿದಳು. ಆದರೆ ಇಲ್ದಿಕೊಳ ಅಂಗೈಯ ಕೆಂಪು ಗೆರೆ ಅದರಿಂದ ಅಳಿಯುವುದಿಲ್ಲ ಎಂಬುದೂ ನೆನಪಾಗಿ ಎದ್ದಳು.

ಕಟ್ಟಡಕ್ಕೆ ಬಂದವಳೇ ಬಾಗಿಲಿನ ಕಾಗದ ಕಿತ್ತಳು. ಆ ಸದ್ದಿಗೆ ಬೋಸಿಲ್ಕಾ ಪೊರಕೆ ಸಮೇತ ಹೊರಬಂದಳು.

"ಯಾಕೆ ಕೀಳ್ತಿದೀಯ?"

"ಸುಳ್ಳು, ಅದಕ್ಕೆ. ಮೇಲೆ ಬಾ, ಇಲ್ದಿಕೊ ಮುಂದೆ ಹೇಳ್ತೀನಿ. ಎರಡೆರಡು ಸಲ ಹೇಳೋ ಧೈರ್ಯ ನಂಗಿಲ್ಲ."

ದರಿಂಕಾಳ ಅಡುಗೆಮನೆಯಲ್ಲಿ ಮೂವರೂ ನಿಂತರು. ಮಗು ತಾಯಿಯ ಸೊಂಟದ ಮೇಲೆ. ದರಿಂಕಾ ನಲ್ಲಿ ತಿರುಗಿಸಿ ಲೋಟ ತುಂಬಿಸಿದಳು.

"ಇದು ರೇಡಿಯೋದಲ್ಲಿ ಹೇಳಿದ ದಿನದಿಂದ ಹೀಗೇ ಬರ್ತಿದೆ. ಒಂದು ದಿನನೂ ಹಳದಿ ಬಂದಿಲ್ಲ. ನೀರು ಸರಿಹೋದ್ರೆ ರಾದಿವೋಯ್ ಬರೋದು ನಿಲ್ಲಿಸ್ತಾರೆ ಅಂತ ಭಯ ಆಯ್ತು. ಅದಕ್ಕೆ ಹೇಳಿದ ಸುಳ್ಳು. ಅವರೊಬ್ಬರಿಗೆ ಹೇಳಿದ್ದು, ನಿಮ್ಮೆಲ್ಲರ ತಲೆ ಮೇಲೆ ಬಿತ್ತು. ತಪ್ಪು ನಂದು."

ಬೋಸಿಲ್ಕಾ ಮೊದಲು ಬಾಯಿ ತೆರೆದಳು. "ಅರವತ್ತು ದಾಟಿದ ಮೇಲೆ?"

"ಹ್ಞೂಂ, ದಾಟಿದ ಮೇಲೆ."

"ಮತ್ತೆ ನಂಗೆ ಕಬ್ಬಿಣದ ರುಚಿ ಬಂದಿದ್ದು?"

"ಅದು ನಿನ್ನ ಪಾತ್ರೆದು. ಕುದಿಸಿ ಕುದಿಸಿ ತಳ ಹೋಗಿದೆ."

ಬೋಸಿಲ್ಕಾ ನಗಬೇಕೋ ಜಗಳಾಡಬೇಕೋ ಗೊತ್ತಾಗದೆ ಇಲ್ದಿಕೊಳ ಕಡೆ ನೋಡಿದಳು. ಇಲ್ದಿಕೊ ನಗಲಿಲ್ಲ. ಅವಳ ಮುಖ ಬಿಳುಚಿತ್ತು.

"ನಾನು ದಿನಾ ಹೊತ್ತೆ" ಎಂದಳು. "ಇವಳನ್ನ ಎದೆಗೆ ಕಟ್ಕೊಂಡು ಹೊತ್ತೆ. ನೀವು ನೋಡಿದ್ರಿ."

"ನೋಡಿದೆ."

"ನಿಮಗೆ ಧನ್ಯವಾದ ಬೇರೆ ಹೇಳಿದೆ."

ದರಿಂಕಾ ತಲೆ ತಗ್ಗಿಸಿದಳು.

"ಕುಡೀರಿ" ಎಂದಳು ಇಲ್ದಿಕೊ.

ದರಿಂಕಾ ಲೋಟದ ನೀರನ್ನು ಕುಡಿದಳು.

"ಇನ್ನೊಂದು."

ಇನ್ನೊಂದನ್ನೂ ಕುಡಿದಳು. ಇಲ್ದಿಕೊ ಕಣ್ಣು ಕದಲಿಸದೆ ನೋಡುತ್ತಿದ್ದಳು, ಮಗುವಿನ ಔಷಧಿಯ ಬಾಟಲಿ ಓದುವವರಂತೆ. ಆಮೇಲೆ ಪನ್ನಾಳನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಮೇಲೆ ಹೋದಳು. ಬಾಗಿಲು ಮುಚ್ಚಿದ ಸದ್ದು ಜೋರಾಗಿಯೇ ಕೇಳಿತು. ಬೋಸಿಲ್ಕಾ ದರಿಂಕಾಳ ಬೆನ್ನು ತಟ್ಟಿ, "ಕೋಪ ಇರೋದೇ, ಆರತ್ತೆ ಬಿಡು. ನೀನು ಮಾಡಿದ್ದು ಮಾತ್ರ ಚೆನ್ನಾಗಿಲ್ಲ" ಎಂದು ಇಳಿದು ಹೋದಳು. ಈ ಸಲ ಅವಳು ಮೆಟ್ಟಿಲು ಗುಡಿಸಲಿಲ್ಲ.

ಮರುದಿನ ಬೆಳಿಗ್ಗೆ ದರಿಂಕಾ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಗೋಡೆಯೊಳಗಿನ ಪೈಪು ಗುಳುಗುಳು ಎಂದಿತು. ಮೇಲೆ ಯಾರೋ ನಲ್ಲಿ ತಿರುಗಿಸಿದ್ದರು. ನೀರು ತುಂಬ ಹೊತ್ತು ಹರಿಯಿತು, ಮಗುವಿನ ಸ್ನಾನದ ತೊಟ್ಟಿ ತುಂಬುವಷ್ಟು ಹೊತ್ತು. ಆಮೇಲೆ ಪನ್ನಾ ನೀರು ಬಡಿಯುತ್ತ ಕೇಕೆ ಹಾಕುವುದು ಕೇಳಿತು. ದರಿಂಕಾ ಸೂಜಿ ಕೆಳಗಿಟ್ಟು ಅದು ಮುಗಿಯುವವರೆಗೂ ಕೇಳುತ್ತ ಕುಳಿತಳು.

ಶನಿವಾರ ಬಂತು. ಮೆಟ್ಟಿಲ ಮೇಲೆ ಭಾರದ ಹೆಜ್ಜೆ, ಪ್ರತಿ ಮಹಡಿಗೊಂದು ನಿಟ್ಟುಸಿರು. ಅವಳು ಬಾಗಿಲು ತೆರೆದಳು. ರಾದಿವೋಯ್ ಕ್ಯಾನು ಇಟ್ಟು ಚೌಕಟ್ಟಿಗೆ ಒರಗಿದ.

"ಇವತ್ತಿನ ಸಾಲು ನೋಡ್ಬೇಕಿತ್ತು ನೀವು. ಒಬ್ಬಳು ಆಡು ಕರ್ಕೊಂಡು ಬಂದಿದ್ಲು. ಅದು ಮುಂದಿನವನ ಜೇಬಿಗೆ ಬಾಯಿ ಹಾಕಿ ಅವನ ಟೋಪಿ ತಿಂದುಹಾಕ್ತು."

"ಜೇಬಲ್ಲಿದ್ದ ಟೋಪೀನಾ?"

"ಜೇಬಲ್ಲಿದ್ದ ಟೋಪಿ."

ದರಿಂಕಾ ಪೂರ್ತಿ ಕೇಳಿದಳು, ಎಲ್ಲಿ ನಗಬೇಕೋ ಅಲ್ಲಿ ನಕ್ಕಳು. ಇಂಥ ಕತೆಯನ್ನು ಅರ್ಧಕ್ಕೆ ತಡೆಯಲು ಅವಳಿಗೆ ಮನಸ್ಸಾಗಲಿಲ್ಲ. ಮುಗಿದ ಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.

"ಒಳಗೆ ಬನ್ನಿ" ಎಂದಳು.

"ಬೂಟು ಕೊಳೆ ಆಗಿದೆ."

"ಬಿಚ್ಚಿ."

ಅವನು ಬಿಚ್ಚಿದ. ಒಂದು ಕಾಲುಚೀಲದ ಹೆಬ್ಬೆರಳಿನಲ್ಲಿ ತೂತಿತ್ತು. ಇನ್ನೊಂದು ಪಾದವನ್ನು ಅದರ ಮೇಲಿಟ್ಟುಕೊಂಡು ಅಡುಗೆಮನೆಯ ಕುರ್ಚಿಯ ತುದಿಯಲ್ಲಿ ಕುಳಿತ. ದರಿಂಕಾ ಕಪಾಟಿನಿಂದ ಭರಣಿ ಇಳಿಸಿದಳು. ಜರ್ದಾಳು ಹಣ್ಣಿನ ಹೋಳುಗಳು ಪಾಕದಲ್ಲಿ ಇಡಿಯಾಗಿಯೇ ಇದ್ದವು. ತಟ್ಟೆ, ಚಮಚ, ಲೋಟ. ಆಮೇಲೆ ಲೋಟವನ್ನು ಅವನ ಕಣ್ಣೆದುರೇ ನಲ್ಲಿಯ ಕೆಳಗೆ ಹಿಡಿದು ತುಂಬಿಸಿ ತಂದು ಮುಂದಿಟ್ಟಳು.

ರಾದಿವೋಯ್ ಲೋಟ ನೋಡಿದ. ಮೇಜಿನ ಬಿಳಿಯ ಬಟ್ಟೆಯ ಹೂವು ನೀರಿನೊಳಗಿಂದ ಕಾಣುತ್ತಿತ್ತು.

"ಹಳದಿ ಅಂದಿದ್ರಿ" ಎಂದ.

"ಅಂದಿದ್ದೆ. ಸುಳ್ಳು ಹೇಳಿದೆ. ನೀವು ಬರೋದು ನಿಲ್ಲಿಸಿಬಿಡ್ತೀರ ಅಂತ." ಅವಳು ಎದುರಿನ ಸ್ಟೂಲಿನ ಮೇಲೆ ಕುಳಿತಳು. "ಬುಧವಾರ ಚೆಸ್ಮಾ ಹತ್ರ ಹೋಗಿದ್ದೆ ರಾದಿವೋಯ್. ಅಲ್ಲಿ ಸಾಲಲ್ಲಿ ಒಂದು ಬೆಕ್ಕು ಮಾತ್ರ ಇತ್ತು."

ಅವನ ಕಿವಿ ಕೆಂಪಾಯಿತು. ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ.

"ಮೊದಲ ನೀರು ಬಿಟ್ಟು ಆಮೇಲೆ ಹಿಡೀತಿದ್ದೆ" ಎಂದ ಕೊನೆಗೆ. "ಕ್ಯಾನನ್ನ ಪ್ರತಿ ಸಲ ಬಿಸಿನೀರಲ್ಲಿ ತೊಳೀತಿದ್ದೆ. ನೀರು ಒಳ್ಳೇದೇ, ನಿಮಗೆ ಕೆಟ್ಟದ್ದು ಕೊಟ್ಟಿಲ್ಲ. ನೀವು ಹಳದಿ ಅಂದಾಗ ಪಾಪ ಅನ್ನಿಸ್ಬೇಕಿತ್ತು. ನಂಗೆ ಖುಷಿ ಆಯ್ತು. ಆಮೇಲೆ ಕೊಳಾಯಿ ಕಿತ್ಕೊಂಡು ಹೋದ್ರು, ಏನ್ ಮಾಡೋದು ತೋಚಲಿಲ್ಲ."

"ಆಡು?"

"ಆಡು ಇವತ್ತು ಬೆಳಿಗ್ಗೆ ಸೇತುವೆ ಮೇಲೆ ಹೊಳೀತು."

ದರಿಂಕಾ ಚಮಚವನ್ನು ಅವನ ಕಡೆ ತಿರುಗಿಸಿಟ್ಟಳು. "ತಗೊಳ್ಳಿ. ಇಷ್ಟು ವರ್ಷ ನಿಮಗೆ ಕೊಡಕ್ಕೆ ನನ್ನ ಹತ್ರ ನೀರಿರಲಿಲ್ಲ. ಇದು ನಮ್ಮನೇದು."

ಅವನು ಒಂದು ಹೋಳನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಆಮೇಲೆ ನೀರನ್ನು ನಿಧಾನವಾಗಿ, ತಳದವರೆಗೂ ಕುಡಿದು, ವಾಡಿಕೆಯಂತೆ ಚಮಚವನ್ನು ಖಾಲಿ ಲೋಟದೊಳಗೆ ಇಳಿಬಿಟ್ಟ. ಕುಡಿಯುತ್ತಿದ್ದಷ್ಟು ಹೊತ್ತೂ ದರಿಂಕಾ ಅವನ ಗಂಟಲನ್ನೇ ನೋಡುತ್ತಿದ್ದಳು.

ಹೊರಡುವಾಗ ಬೂಟು ಹಾಕಿಕೊಂಡು, ಅಭ್ಯಾಸದಂತೆ ಬಾಗಿಲ ಹಿಂದಿನ ಖಾಲಿ ಕ್ಯಾನಿಗೆ ಕೈ ಹಾಕಿದ. ಅವಳು ತಡೆದಳು.

"ಅದು ಇಲ್ಲೇ ಇರ್ಲಿ. ಮೇಲಿನ ಮನೆ ಹುಡುಗಿ ತರಕಾರಿ ತಂದ್ರೆ ನೀವು ಹೊತ್ತು ಕೊಡಿ, ನಮ್ಮ ಸುಳ್ಳಿಂದ ಅವಳು ನೀರು ಹೊರಬೇಕಾಯ್ತು, ಆ ಋಣ ನಾವಿಬ್ಬರೂ ತೀರಿಸ್ಬೇಕು. ನಂಗೆ ಮಾತ್ರ ಏನೂ ತರಬೇಡಿ. ಬರಿಗೈಲಿ ಬನ್ನಿ."

"ಬರಿಗೈಲಿ ಹೇಗೆ ಬರೋದು? ಏನಂತ ಬರೋದು?" ಅವನು ನಿಜವಾಗಿಯೂ ಗಾಬರಿಯಾಗಿದ್ದ.

"ಅದನ್ನ ಕತೆ ಕಟ್ಟೋರು ನೀವೇ ಯೋಚನೆ ಮಾಡಿ."

ಅವನು ಮಂಗಳವಾರದವರೆಗೆ ಕಾಯಲಿಲ್ಲ. ಸೋಮವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗ ಭಾರವಿಲ್ಲದ ಆ ಸದ್ದು ಯಾರದೆಂದು ದರಿಂಕಾಳಿಗೆ ತಿಳಿಯಲಿಲ್ಲ. ಬಾಗಿಲು ತೆರೆದರೆ ರಾದಿವೋಯ್ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ, ಹೊಸ ಕಾಲುಚೀಲ. ಕತೆ ಒಂದೂ ತಂದಿರಲಿಲ್ಲ. ಎರಡೂ ಕೈ ಪಕ್ಕದಲ್ಲಿ ಜೋತುಬಿದ್ದಿದ್ದವು, ಅವನ್ನು ಎಲ್ಲಿಡಬೇಕೆಂದು ಅವನಿಗೇ ಗೊತ್ತಿರಲಿಲ್ಲ. ಅವುಗಳಲ್ಲಿ ಒಂದನ್ನು ದರಿಂಕಾ ಹಿಡಿದುಕೊಂಡಳು.